ಏಳನೇ ಪ್ರಶ್ನೆ ತಲುಪದ ಹುಡುಗಿಯ ಪರವಾಗಿ ಒಂದು ವಿವರಣೆ

ಡಿಜಿಟಲ್ ಕೌಶಲ ಮೌಲ್ಯಮಾಪನ ವಿಭಾಗದ ನಿರ್ದೇಶಕರ ಸನ್ನಿಧಿಗೆ,

ಮಾನ್ಯರೇ,

ತಾವೂ, ತಮ್ಮ ಕಂಪ್ಯೂಟರುಗಳೂ, ಆ ಕಂಪ್ಯೂಟರುಗಳನ್ನು ತಣ್ಣಗಿಡುವ ಯಂತ್ರಗಳೂ ಕ್ಷೇಮವಾಗಿರುವಿರೆಂದು ನಂಬಿ ಈ ಪತ್ರವನ್ನು ಆರಂಭಿಸುತ್ತೇನೆ. ನಾನು ತಮ್ಮ ಇಲಾಖೆಗೆ ಸೇರಿದ ಒಂದು ಪ್ರೌಢಶಾಲೆಯ ಹೊಲಿಗೆ ಶಿಕ್ಷಕಿ. ಗುಂಡಿ ಹಚ್ಚುವುದು, ಅಂಚು ಮಡಿಸುವುದು, ತಪ್ಪಿದ ಹೊಲಿಗೆಯನ್ನು ಬಟ್ಟೆ ಹರಿಯದಂತೆ ಬಿಚ್ಚುವುದು, ಇವನ್ನು ಇಪ್ಪತ್ತೊಂಬತ್ತು ವರ್ಷಗಳಿಂದ ಮಕ್ಕಳಿಗೆ ಕಲಿಸುತ್ತಿದ್ದೇನೆ. ಕಳೆದ ವಾರ ತಮ್ಮ ಸಹಿಯಿರುವ ನೋಟಿಸು ನನ್ನ ಕೈ ಸೇರಿತು. ಪರೀಕ್ಷೆಯ ದಿನ ನಿರ್ಲಕ್ಷ್ಯ ತೋರಿ ಒಬ್ಬ ವಿದ್ಯಾರ್ಥಿನಿಗೆ ಸೊನ್ನೆ ಅಂಕ ಬರಲು ಕಾರಣಳಾದ ನನ್ನ ಮೇಲೆ ಏಕೆ ಕ್ರಮ ಕೈಗೊಳ್ಳಬಾರದು ಎಂದು ಅದರಲ್ಲಿ ಕೇಳಿದ್ದೀರಿ. ಇಷ್ಟು ವರ್ಷಗಳಲ್ಲಿ ಇಲಾಖೆಯು ನನ್ನನ್ನು ಏನನ್ನಾದರೂ ಕೇಳಿದ್ದು ಇದೇ ಮೊದಲಾದ್ದರಿಂದ ನನಗೆ ತುಂಬ ಸಂತೋಷವಾಯಿತು. ಉತ್ತರ ಸ್ವಲ್ಪ ಉದ್ದವಾದರೆ ಆ ಸಂತೋಷವೇ ಕಾರಣವೆಂದು ತಿಳಿಯಬೇಕು. ವಿಷಯ ನನ್ನೊಬ್ಬಳದೇ ಅಲ್ಲವಾದ್ದರಿಂದ ಇದರ ಒಂದು ಪ್ರತಿಯನ್ನು ಶಾಲೆಯ ಸೂಚನಾ ಫಲಕಕ್ಕೂ ಅಂಟಿಸಿದ್ದೇನೆ. ಅಲ್ಲಿ ನಿಂತು ಓದುವವರ ಸಂಖ್ಯೆ ತಮ್ಮ ವೆಬ್‌ಸೈಟಿನ ಓದುಗರಿಗಿಂತ ಹೆಚ್ಚೇ ಇದೆ ಎಂದು ಬಿನ್ನವಿಸುತ್ತೇನೆ.

ಹೊಲಿಗೆಯವಳಿಗೂ ಡಿಜಿಟಲ್ ಕೌಶಲಕ್ಕೂ ಏನು ಸಂಬಂಧ ಎಂಬ ಸಂದೇಹ ತಮಗೆ ಬರಬಹುದು. ನನಗೂ ಬಂದಿತ್ತು. ಕಳೆದ ವರ್ಷ ನಮ್ಮ ಶಾಲೆಗೆ ತಾವು ಹನ್ನೆರಡು ಪೆಟ್ಟಿಗೆಗಳನ್ನು ಕಳಿಸಿದಿರಿ. ಹನ್ನೊಂದರಲ್ಲಿ ಕಂಪ್ಯೂಟರುಗಳಿದ್ದವು, ಒಂದರ ತುಂಬ ಮೌಸಿನ ಕೆಳಗೆ ಹಾಸುವ ರಬ್ಬರ್ ಹಾಳೆಗಳಿದ್ದವು. ಇಡೀ ಶಾಲೆಯಲ್ಲಿ ಹನ್ನೊಂದು ಪ್ಲಗ್ ಪಾಯಿಂಟುಗಳಿರುವ ಕೋಣೆ ಒಂದೇ, ಅದು ಇಸ್ತ್ರಿಪೆಟ್ಟಿಗೆಗಳಿಗೆಂದು ವೈರ್ ಎಳೆಸಿದ್ದ ನನ್ನ ಹೊಲಿಗೆ ಕೋಣೆ. ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರಗಳ ಮೇಲೆ ಹಲಗೆ ಹಾಸಿ ಕಂಪ್ಯೂಟರುಗಳನ್ನು ಕೂರಿಸಲಾಯಿತು, ಕೋಣೆಯ ಜೊತೆಗೆ ನನ್ನನ್ನೂ ಸೇರಿಸಿ 'ಡಿಜಿಟಲ್ ಕೌಶಲ ಸಂಯೋಜಕಿ' ಎಂದು ಆದೇಶ ಹೊರಡಿಸಲಾಯಿತು. ಎರಡು ದಿನದ ತರಬೇತಿಯನ್ನೂ ದಯಪಾಲಿಸಿದಿರಿ. ತರಬೇತಿಗೆ ಬಂದವರ ಬಳಿ ಪರದೆಗೆ ಚಿತ್ರ ಬಿಡುವ ಯಂತ್ರವಿತ್ತು, ಅದಕ್ಕೆ ಹಾಕುವ ವೈರು ಇರಲಿಲ್ಲ. ಆದ್ದರಿಂದ ಅವರು ಖಾಲಿ ಗೋಡೆಯನ್ನು ತೋರಿಸುತ್ತ, ಇಲ್ಲೊಂದು ನೀಲಿ ಬಾಣ ಇದೆ ಅಂದ್ಕೊಳ್ಳಿ, ಅದನ್ನ ಒತ್ತಿದಿರಿ ಅಂದ್ಕೊಳ್ಳಿ, ಎಂದು ಎರಡು ದಿನ ಪಾಠ ಮಾಡಿದರು. ನಾನು ಅಂದುಕೊಂಡೆ. ಪ್ರಮಾಣಪತ್ರವೂ ಬಂತು.

ಮಕ್ಕಳ ಕೌಶಲದ ಬಗ್ಗೆ ತಾವು ವ್ಯಕ್ತಪಡಿಸುವ ಕಾಳಜಿ ನಿಜಕ್ಕೂ ಯೋಗ್ಯವಾದದ್ದು. ನಮ್ಮ ಹತ್ತನೇ ತರಗತಿಯಲ್ಲಿ ಆಗ ನಲವತ್ತೊಂದು ಮಕ್ಕಳಿದ್ದರು. ಅವರಲ್ಲೊಬ್ಬನನ್ನು ಎಲ್ಲರೂ ಹೆಬ್ಬೆರಳು ಎಂದು ಕರೆಯುತ್ತಾರೆ. ಮೊದಲ ದಿನ ಕಂಪ್ಯೂಟರಿನ ಮುಂದೆ ಕೂರಿಸಿದಾಗ ಅವನು ಕೀಲಿಮಣೆಯನ್ನೇ ಎರಡೂ ಕೈಗಳಿಂದ ಎತ್ತಿ ಎದೆಯ ಹತ್ತಿರ ಹಿಡಿದು ಹೆಬ್ಬೆರಳುಗಳಿಂದ ತನ್ನ ಹೆಸರು ಬರೆದ, ಅದೂ ನಾನು ಸೂಜಿಗೆ ದಾರ ಪೋಣಿಸುವಷ್ಟರಲ್ಲಿ. ಇದೇ ಹುಡುಗ ಒಮ್ಮೆ ನನ್ನ ಮುಖವನ್ನು ಕುಣಿಯುವ ಮೇಕೆಯೊಂದಕ್ಕೆ ಜೋಡಿಸಿ ನಾಲ್ಕು ನಿಮಿಷದಲ್ಲಿ ಇಡೀ ಶಾಲೆಗೆ ತೋರಿಸಿದ. ಹೊಲಿಗೆಯವಳಾಗಿ ಹೇಳುತ್ತೇನೆ, ಕುತ್ತಿಗೆಯ ಬಳಿ ಜೋಡಣೆ ಬಹಳ ಅಚ್ಚುಕಟ್ಟಾಗಿತ್ತು. ಮಾರನೆಯ ದಿನ ಅದಕ್ಕಾಗಿ ಕ್ಷಮಾಪಣೆ ಪತ್ರವನ್ನು ಕಂಪ್ಯೂಟರಿನಲ್ಲಿ ಬರೆಯಲು ಹೇಳಿದೆ. ಬರೆದ, ಆದರೆ ಬರೆದದ್ದು ಎಲ್ಲಿ ಹೋಯಿತೆಂದು ಹುಡುಕುವುದರಲ್ಲಿ ಎರಡು ಪೀರಿಯಡ್ ಕಳೆದು, ಕೊನೆಗೆ ಹಾಳೆಯ ಮೇಲೆ ಬರೆದುಕೊಟ್ಟ. ಹೀಗೆ ಎಲ್ಲವನ್ನೂ ಬಲ್ಲ, ಏನನ್ನೂ ಎಲ್ಲಿಟ್ಟೆನೆಂದು ತಿಳಿಯದ ಮಕ್ಕಳ ನಡುವೆ ನನಗೆ ಒಂದು ಅನುಕೂಲವಿತ್ತು. ಹಲಗೆಯ ಕೆಳಗೆ ಹೊಲಿಗೆ ಯಂತ್ರದ ಪೆಡಲು ಹಾಗೆಯೇ ಇದೆ. ಉತ್ತರ ತೋಚದೆ ಒದ್ದಾಡುವ ಮಗು ತನಗೆ ಗೊತ್ತಿಲ್ಲದಂತೆ ಅದನ್ನು ತುಳಿಯತೊಡಗುತ್ತದೆ. ಯಾರಿಗೆ ಏನು ತಿಳಿದಿಲ್ಲ ಎಂಬುದನ್ನು ಪರದೆ ನೋಡದೆ ಸದ್ದಿನಿಂದಲೇ ಕಂಡುಹಿಡಿಯುವ ಈ ವಿಧಾನವನ್ನು ತಮ್ಮ ವಿಭಾಗವು ಬೇಕಾದರೆ ಬಳಸಿಕೊಳ್ಳಬಹುದು.

ಈಗ ಆ ಹುಡುಗಿಯ ವಿಷಯ. ಅವಳಿಗೆ ತರಗತಿಯವರು ಇಟ್ಟಿರುವ ಹೆಸರು 'ಯಾರ್ಹೇಳಿದ್ದು'. ನಾಳೆ ರಜೆಯಂತೆ ಎಂದರೆ, ಯಾರು ಹೇಳಿದ್ದು ಎನ್ನುತ್ತಾಳೆ. ಈ ಬಣ್ಣ ನಿನಗೆ ಒಪ್ಪುತ್ತದೆ ಎಂದರೂ ಅದೇ ಪ್ರಶ್ನೆ. ಜಗಳಗಂಟಿಯಲ್ಲ, ಮೆತ್ತಗೆ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳುತ್ತಾಳೆ, ಅದೇ ಹೆಚ್ಚು ಕಷ್ಟ. ಅವಳಿಗೆ ಸ್ವಂತ ಫೋನಿಲ್ಲ. ಅವಳ ತಾಯಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುತ್ತಾರೆ, ಮನೆಯಲ್ಲಿರುವುದು ಆ ತಾಯಿಯ ಫೋನೊಂದೇ.

ಪರೀಕ್ಷೆಗೆ ಮೂರು ವಾರ ಮೊದಲು, ಒಂದು ಬೆಳಿಗ್ಗೆ ಹನ್ನೊಂದಕ್ಕೆ, ನಮ್ಮ ಮುಖ್ಯೋಪಾಧ್ಯಾಯರು ಶಾಲೆಯ ಎಲ್ಲ ಗ್ರೂಪುಗಳಿಗೂ ಒಂದು ಸೂಚನೆಯನ್ನು ಕಳಿಸಿದರು. ಇಲಾಖೆಯ ಲಾಂಛನ, ಕೆಂಪು ಅಕ್ಷರದಲ್ಲಿ 'ತುರ್ತು', ಕೆಳಗೊಂದು ಲಿಂಕು. ಹತ್ತನೇ ತರಗತಿಯವರೆಲ್ಲ ಅದೇ ದಿನ ಸಂಜೆ ನಾಲ್ಕರೊಳಗೆ ಮರುನೋಂದಣಿ ಮಾಡಿಸಬೇಕು, ಜನ್ಮದಿನಾಂಕ, ಹೆತ್ತವರ ಫೋನ್ ನಂಬರ್, ಆ ಫೋನಿಗೆ ಬರುವ ಒಟಿಪಿ ಕೊಡಬೇಕು, ತಪ್ಪಿದರೆ ಪರೀಕ್ಷೆಯ ಪ್ರವೇಶಪತ್ರ ರದ್ದು. ಮಕ್ಕಳು ಮನೆಗೆ ಓಡಿ ಫೋನು ತಂದರು. ಹೊಲಿಗೆ ಕೋಣೆಯ ಮುಂದೆ ಸಾಲು ನಿಂತಿತು. ಇಬ್ಬರು ಅಳುತ್ತಿದ್ದರು. ಮುಖ್ಯೋಪಾಧ್ಯಾಯರೇ ಬಂದು, "ಮೊದಲು ನಂದು ಹಾಕಿ ತೋರಿಸ್ತೀನಿ, ನೋಡಿ ಕಲಿತ್ಕೊಳ್ಳಿ," ಎಂದು ತಮ್ಮ ನಂಬರನ್ನೂ ಒಟಿಪಿಯನ್ನೂ ಹಾಕಿ ತೋರಿಸಿದರು. ಮಕ್ಕಳು ನೋಡಿ ಕಲಿತರು. ನಾನೂ ಕುರ್ಚಿ ಎಳೆದುಕೊಂಡು ಮೊದಲ ಮಗುವಿನ ವಿವರ ತುಂಬಿಸಲು ಕುಳಿತೆ ಎಂಬುದನ್ನು ಮುಚ್ಚಿಡುವುದಿಲ್ಲ.

ಸಾಲಿನ ನಡುವಿನಿಂದ ಆ ಹುಡುಗಿ ಕೇಳಿದಳು: "ಸರ್, ಇದನ್ನ ಯಾರು ಹೇಳಿದ್ದು?"

"ಇಲಾಖೆ ಹೇಳಿದ್ದಮ್ಮ."

"ಇಲಾಖೇಲಿ ಯಾರು?"

ಮುಖ್ಯೋಪಾಧ್ಯಾಯರು ಫೋನು ನೋಡಿದರು. ಅವರಿಗೆ ಅದನ್ನು ಕಳಿಸಿದವರು ಇನ್ನೊಂದು ಶಾಲೆಯ ಮುಖ್ಯೋಪಾಧ್ಯಾಯರು, ಅವರಿಗೆ ಇನ್ನೊಬ್ಬರು. ಅಷ್ಟರಲ್ಲಿ ಹುಡುಗಿ ಗೋಡೆಯ ಮೇಲಿದ್ದ ಇಲಾಖೆಯ ಹಳೆಯ ಸುತ್ತೋಲೆಯನ್ನು ಪರದೆಯ ಪಕ್ಕ ಹಿಡಿದು, ಲಿಂಕಿನಲ್ಲಿ ಇಲಾಖೆಯ ಹೆಸರಿನ ಮಧ್ಯೆ ಒಂದು ಅಕ್ಷರ ಹೆಚ್ಚಿದೆ ಎಂದು ಬೆರಳಿಟ್ಟು ತೋರಿಸಿದಳು. ಆಮೇಲೆ ಅದೇ ಸುತ್ತೋಲೆಯಲ್ಲಿದ್ದ ಲ್ಯಾಂಡ್‌ಲೈನ್ ನಂಬರಿಗೆ ನನ್ನ ಫೋನಿನಿಂದ ಕರೆ ಮಾಡಿದಳು. ತಮ್ಮ ಕಚೇರಿಯ ಒಬ್ಬ ಗುಮಾಸ್ತರು ಎತ್ತಿದರು. ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದ್ದೆವು. "ಇವತ್ತು ಹೇಳಿ ಇವತ್ತೇ ಮುಗಿಸಿ ಅಂದ್ರಾ? ಹಾಗಾದ್ರೆ ನಮ್ದಲ್ಲಮ್ಮ ಅದು. ನಮ್ಮಲ್ಲಿ ಅಷ್ಟು ಬೇಗ ಯಾವ ಕೆಲಸಾನೂ ಆಗಲ್ಲ," ಎಂದರು. ಇಲಾಖೆಯ ಬಗ್ಗೆ ಇಷ್ಟು ನಿಖರವಾದ ಮಾಹಿತಿ ನನಗೆ ಇದುವರೆಗೆ ಬೇರೆಲ್ಲೂ ಸಿಕ್ಕಿಲ್ಲ.

ಸಾಲು ಕರಗಿತು. ಹೆಬ್ಬೆರಳು ಕಿಟಕಿಯ ಮೇಲೆ ಹತ್ತಿ ಕುಳಿತು, ಯಾರೂ ಒಟಿಪಿ ಕೊಡಬೇಡಿ ಎಂಬ ಮಾತನ್ನು ಒಂಬತ್ತು ನಿಮಿಷದಲ್ಲಿ ಸುತ್ತಲಿನ ಏಳು ಶಾಲೆಗಳ ಮಕ್ಕಳಿಗೆ ಮುಟ್ಟಿಸಿದ. ಹುಡುಗಿ ಹೇಳುತ್ತಿದ್ದಳು, ಹುಡುಗ ಒತ್ತುತ್ತಿದ್ದ. ಡಿಜಿಟಲ್ ಕೌಶಲ ಎಂದರೆ ಏನೆಂದು ನಾನು ಅಂದುಕೊಳ್ಳದೆ, ಕಣ್ಣಾರೆ ಕಂಡದ್ದು ಅಂದು. ನಷ್ಟವಾದದ್ದು ಮುಖ್ಯೋಪಾಧ್ಯಾಯರಿಗೆ ಮಾತ್ರ. ಅವರ ಮೆಸೇಜಿನ ಖಾತೆ ಕಳ್ಳರ ಪಾಲಾಯಿತು. ನಾಲ್ಕು ದಿನಗಳ ಕಾಲ ಆ ಕಳ್ಳರು ಅವರ ಹೆಸರಿನಲ್ಲಿ ನಮಗೆಲ್ಲ ತಲೆಗೂದಲು ಬೆಳೆಸುವ ಎಣ್ಣೆಯ ಜಾಹೀರಾತು ಕಳಿಸಿದರು. ನಮಗೆ ಸಂಶಯ ಬರಲಿಲ್ಲ, ಏಕೆಂದರೆ ಪ್ರತಿ ಸಂದೇಶದ ಕೊನೆಗೆ 'ದಯವಿಟ್ಟು' ಎಂದಿತ್ತು, ಸಾಹೇಬರ ಸ್ವಭಾವ ಸುಧಾರಿಸಿತೆಂದು ನಾವೆಲ್ಲ ಸಂತೋಷಪಟ್ಟೆವು.

ಮಾನ್ಯರೇ, ಇಷ್ಟಾದ ಮೇಲೆ ತಮ್ಮ ಪರೀಕ್ಷೆ ಬಂತು. ಎಲ್ಲರ ಬಳಿಯೂ ಹೆತ್ತವರ ಫೋನಿತ್ತು, ಹನ್ನೊಂದು ಮಕ್ಕಳು ಕಂಪ್ಯೂಟರುಗಳ ಮುಂದೆ, ಮಿಕ್ಕವರು ಆ ಫೋನುಗಳಲ್ಲೇ ಬರೆಯಲು ಕುಳಿತಿದ್ದರು. ಅಂದು ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷಕ್ಕೆ ಗುರುತಿಲ್ಲದ ನಂಬರೊಂದರಿಂದ ಲಿಂಕು ಬಂತು. ಅದರಲ್ಲಿ ಇಲಾಖೆಯ ಹೆಸರೇ ಇರಲಿಲ್ಲ, ಅಕ್ಷರವೂ ಅಂಕಿಯೂ ಗೋಜಲಾಗಿ ಹೊಲಿಗೆ ಯಂತ್ರದ ಬಾಬಿನ್ನಿನಲ್ಲಿ ಸಿಕ್ಕಿಕೊಂಡ ದಾರದಂತಿದ್ದವು. ಲಾಂಛನ ಮೊಟ್ಟೆಯಂತೆ ಉದ್ದಕ್ಕೆ ಎಳೆದುಕೊಂಡಿತ್ತು. ಕೆಂಪಿನಲ್ಲಿ 'ತುರ್ತು' ಎಂದಿತ್ತು. ಇಪ್ಪತ್ತು ನಿಮಿಷದೊಳಗೆ ಜನ್ಮದಿನಾಂಕ, ಹೆತ್ತವರ ನಂಬರ್ ಮತ್ತು ಒಟಿಪಿ ಕೊಟ್ಟು ಒಳಗೆ ಬರದಿದ್ದರೆ ಅವಕಾಶ ರದ್ದು ಎಂದಿತ್ತು. ಹುಡುಗಿ ತನ್ನ ನೋಟ್‌ಬುಕ್ ತೆರೆದಳು. ಅಂದಿನ ಖೋಟಾ ಸೂಚನೆಯ ಐದು ಲಕ್ಷಣಗಳನ್ನು ಅವಳು ಅದರಲ್ಲಿ ಬರೆದಿಟ್ಟುಕೊಂಡಿದ್ದಳು. ನಾಲ್ಕು ಲಕ್ಷಣಗಳು ತಮ್ಮ ಸೂಚನೆಗೆ ಸರಿಯಾಗಿ ಹೊಂದಿದವು. ಐದನೆಯದು ಕಾಗುಣಿತ, ಅದು ಹೊಂದಲಿಲ್ಲ, ಏಕೆಂದರೆ ಖೋಟಾ ಸೂಚನೆಯಲ್ಲಿ ಕಾಗುಣಿತ ತಪ್ಪಿರಲಿಲ್ಲ.

ಅವಳು ಕೈ ಕಟ್ಟಿ ಕುಳಿತಳು. ನಾನು ಬಳಿ ಹೋಗಿ, "ಇದು ನಮ್ದೇ ಕಣೇ, ಹಾಕು," ಎಂದೆ.

"ನಿಮಗೆ ಯಾರು ಹೇಳಿದ್ದು ಟೀಚರ್?"

"ಹೆಡ್ ಮಾಸ್ಟರ್."

"ಅವತ್ತೂ ಅವರೇ ಅಲ್ವಾ ಹೇಳಿದ್ದು?"

 ಉತ್ತರವಿಲ್ಲದವರು ಮಾಡುವುದನ್ನೇ ನಾನೂ ಮಾಡಿದೆ, ಸಿಟ್ಟಾದೆ. "ತಲೆ ಜಾಸ್ತಿ ಓಡಿಸಬೇಡ, ಎಲ್ಲರೂ ಹಾಕಿಲ್ವಾ," ಎಂದು ಗದರಿದೆ. ನೋಟಿಸಿನಲ್ಲಿ ತಾವು ಹುಡುಕುತ್ತಿರುವ ನನ್ನ ನಿಜವಾದ ತಪ್ಪು ಈ ಒಂದು ವಾಕ್ಯ, ತಮ್ಮ ಗಮನಕ್ಕೆ ಬಾರದೆ ಹೋದೀತೆಂದು ಕೆಳಗೆ ಗೆರೆ ಎಳೆದಿದ್ದೇನೆ. ಅವಳು ಫೋನು ಮಾಡಲು ಅನುಮತಿ ಕೇಳಿದಳು. ಕೊಟ್ಟೆ. ತಮ್ಮ ಕಚೇರಿಗೆ ಊಟದ ಹೊತ್ತು. ಫೋನಿನ ಗಂಟೆ ಬಾರಿಸುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಇಪ್ಪತ್ತು ನಿಮಿಷ ಮುಗಿದಾಗ ಪರದೆಯ ಮೇಲೆ ಧನ್ಯವಾದ ಎಂದು ಬಂತು, ಅದರ ಕೆಳಗೆ 'ನಿಮ್ಮ ಹಂತ: ಡಿಜಿಟಲ್ ಅರಿವು ಇಲ್ಲದವರು' ಎಂದು ಬಂತು. ಅವಳು ಅಳಲಿಲ್ಲ. ಆದರೆ ಅವಳ ಕಾಲ ಕೆಳಗಿನ ಪೆಡಲು ಶಾಲೆ ಬಿಡುವವರೆಗೂ ನಿಲ್ಲಲಿಲ್ಲ.

ಉಳಿದ ನಲವತ್ತು ಮಕ್ಕಳು ಒಟಿಪಿ ಕೊಟ್ಟು ಒಳಗೆ ಹೋಗಿ ನಲವತ್ತು ಪ್ರಶ್ನೆಗಳಿಗೆ ಉತ್ತರ ಬರೆದರು. ಹೊರಬಂದ ಮೇಲೆ ಹೆಬ್ಬೆರಳು ನನ್ನ ಬಳಿ ಬಂದು, "ಟೀಚರ್, ಏಳನೇ ಪ್ರಶ್ನೆ ನೋಡಿದ್ರಾ?" ಎಂದು ಮೆಲ್ಲಗೆ ಕೇಳಿದ. ಏಳನೇ ಪ್ರಶ್ನೆ ಹೀಗಿತ್ತು: 'ಗುರುತಿಲ್ಲದ ಲಿಂಕೊಂದು ತುರ್ತಾಗಿ ನಿಮ್ಮ ಒಟಿಪಿ ಕೇಳಿದರೆ ನೀವು ಏನು ಮಾಡಬೇಕು?' ಸರಿಯುತ್ತರ, 'ಕೊಡಬಾರದು, ಸಂಬಂಧಪಟ್ಟ ಕಚೇರಿಗೆ ಕರೆ ಮಾಡಿ ವಿಚಾರಿಸಬೇಕು.' ಒಟಿಪಿ ಕೊಟ್ಟವರಿಗೆ ಮಾತ್ರ ಈ ಪ್ರಶ್ನೆ ಕಾಣಿಸುವಂತೆ ಏರ್ಪಾಡು ಮಾಡಿದ ತಮ್ಮ ತಜ್ಞರ ಜಾಣ್ಮೆಗೆ ನಾನು ತಲೆಬಾಗುತ್ತೇನೆ. ನಲವತ್ತು ಮಕ್ಕಳಲ್ಲಿ ಮೂವತ್ತೊಂಬತ್ತು ಜನ ಕೊಡಬಾರದು ಎಂಬುದಕ್ಕೇ ಗುರುತು ಹಾಕಿ ಪೂರ್ಣ ಅಂಕ ಪಡೆದರು. ಹೆಬ್ಬೆರಳು ಮಾತ್ರ ಅದನ್ನು ಖಾಲಿ ಬಿಟ್ಟಿದ್ದ. ಏಕೆಂದು ಕೇಳಿದ್ದಕ್ಕೆ, "ನಾಚಿಕೆ ಆಯ್ತು," ಎಂದ.

ತಮ್ಮ ಆದೇಶದ ಪ್ರಕಾರ ಅರಿವಿಲ್ಲದವರಿಗೆ ಅತ್ಯುನ್ನತ ಹಂತದವರು ಮೂವತ್ತು ಗಂಟೆ ಪಾಠ ಹೇಳಬೇಕು. ಶಿಕ್ಷಕರಿಗೆಂದು ನಡೆಸಿದ ಪರೀಕ್ಷೆಯಲ್ಲಿ ನಮ್ಮ ಶಾಲೆಯಿಂದ ಆ ಹಂತವನ್ನು ಮುಟ್ಟಿ 'ಡಿಜಿಟಲ್ ಮಾರ್ಗದರ್ಶಿ' ಎನಿಸಿಕೊಂಡವರು ಮುಖ್ಯೋಪಾಧ್ಯಾಯರೊಬ್ಬರೇ. ಹೀಗಾಗಿ ಶನಿವಾರ ಅವರು ಹುಡುಗಿಗೆ ಪಾಠ ಹೇಳಲು ಕುಳಿತರು, ಮತ್ತು ಆ ಪಾಠದ ಮೊದಲ ಎರಡು ಗಂಟೆಗಳಲ್ಲಿ ಹುಡುಗಿಯು ಅವರ ಕಳೆದುಹೋದ ಖಾತೆಯನ್ನು ಮರಳಿ ಪಡೆಯುವುದು ಹೇಗೆಂದು ಅವರಿಗೆ ತೋರಿಸಿಕೊಟ್ಟಳು. ಹಾಜರಿ ಪುಸ್ತಕದಲ್ಲಿ 'ವಿದ್ಯಾರ್ಥಿನಿಯಲ್ಲಿ ಪ್ರಗತಿ ಕಂಡುಬಂದಿದೆ' ಎಂದು ಅವರು ಬರೆದರು. ಸಾಹೇಬರನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಆಮೇಲೆ ನನ್ನನ್ನು ವರಾಂಡದಲ್ಲಿ ನಿಲ್ಲಿಸಿ, "ಆ ಮಗೂಗೆ ಏನಾದ್ರೂ ಮಾಡಿ ಟೀಚರ್, ನನ್ನಿಂದ ಆಗ್ತಿಲ್ಲ," ಎಂದವರೂ ಅವರೇ.

ಏನಾದರೂ ಮಾಡಬೇಕಾಗಿದ್ದ ಕಾರಣ ಇಷ್ಟೇ. ಹುಡುಗಿಗೆ ಯಂತ್ರ ರಿಪೇರಿ ಕಲಿಯುವ ತಾಂತ್ರಿಕ ಶಾಲೆ ಸೇರುವ ಆಸೆ. ಅಲ್ಲಿ ಈ ವರ್ಷದಿಂದ ತಮ್ಮ ಪ್ರಮಾಣಪತ್ರದಲ್ಲಿ ಕನಿಷ್ಠ 'ಸಾಧಾರಣ' ಹಂತವಿರಬೇಕು. ಅರ್ಜಿ ಹಾಕಲು ಉಳಿದದ್ದು ಎಂಟು ದಿನ. ಮರುಪರೀಕ್ಷೆ ಕೇಳೋಣವೆಂದು ನಾನೂ ಹುಡುಗಿಯೂ ಅವಳ ತಾಯಿಯೂ ಬಸ್ಸು ಹತ್ತಿ ತಮ್ಮ ಕಚೇರಿಗೆ ಹೊರಟೆವು. ಹುಡುಗಿ ಮುಂದಿನ ಸೀಟಿನಲ್ಲಿ ಕುಳಿತಿದ್ದಳು. ನಾನು ಅವಳ ತಾಯಿಗೆ, ನೀವಾದರೂ ಒಂದು ಮಾತು ಹೇಳಿ, ಆ ಒಟಿಪಿ ಕೊಟ್ಟುಬಿಡಲಿ ಎಂದೆ. ಆ ತಾಯಿ ತಮ್ಮ ಕೈಗಳನ್ನು ನೋಡುತ್ತ ಕುಳಿತರು, ಬಿಸಿನೀರಿನಲ್ಲಿ ನೆಂದು ನೆಂದು ಬೆಳ್ಳಗಾದ ಕೈಗಳು.

"ಹೇಳೋಕೆ ನನಗೆ ಬಾಯಿಲ್ಲ ಟೀಚರ್," ಎಂದರು. ಎರಡು ವರ್ಷದ ಹಿಂದೆ ಅವರ ಫೋನಿಗೆ ಒಂದು ಸಂದೇಶ ಬಂದಿತ್ತಂತೆ. ರಕ್ತದೊತ್ತಡದ ಮಾತ್ರೆ ನುಂಗುವುದು ವಿಷಕ್ಕೆ ಸಮ, ಒಂದು ತಿಂಗಳು ನಿಲ್ಲಿಸಿ ನೋಡಿ ಎಂದು. ಕೊನೆಗೆ ಯಾರೋ ದೊಡ್ಡ ವೈದ್ಯರ ಹೆಸರು. ಮನೆಯಲ್ಲಿ ಹುಡುಗಿಯ ಅಜ್ಜಿ ಆ ಮಾತ್ರೆ ನುಂಗುತ್ತಿದ್ದರು. ಇವರೇ ಅದನ್ನು ಅತ್ತೆಗೆ ಓದಿ ಹೇಳಿದರು. ಹದಿನೆಂಟನೇ ದಿನ ಅಜ್ಜಿ ಅಡುಗೆ ಮನೆಯಲ್ಲಿ ಬಿದ್ದರು. ಬದುಕಿದ್ದಾರೆ, ಬಲಗೈ ಏಳುವುದಿಲ್ಲ, ಮಾತು ತೊದಲು. "ಆಸ್ಪತ್ರೇಲಿ ಡಾಕ್ಟರು ಕೇಳಿದ್ರು, ಮಾತ್ರೆ ನಿಲ್ಲಿಸಿ ಅಂತ ನಿಮಗೆ ಯಾರು ಹೇಳಿದ್ದು ಅಂತ. ನಾವು ನಾಲ್ಕು ಜನ ನಿಂತಿದ್ವಿ. ಒಬ್ಬರಿಗೂ ಗೊತ್ತಿರಲಿಲ್ಲ. ಇವಳು ನನ್ನ ಸೆರಗು ಹಿಡ್ಕೊಂಡು ನನ್ನ ಮುಖಾನೇ ನೋಡ್ತಿದ್ಲು." ತಾಯಿ ಇಷ್ಟು ಹೇಳಿ ಕಿಟಕಿಯ ಕಡೆ ತಿರುಗಿದರು.  ಮಕ್ಕಳು ಅವಳಿಗೆ ಇಟ್ಟ ಹೆಸರನ್ನು ನಾನೂ ಎಷ್ಟೋ ಸಲ ನಗುತ್ತ ಕರೆದಿದ್ದೆ.

ತಮ್ಮ ಕಚೇರಿ ಭವ್ಯವಾಗಿದೆ. ಕೆಳಗಡೆ 'ಎಲ್ಲ ಸೇವೆಗಳೂ ಈಗ ಆನ್‌ಲೈನ್' ಎಂಬ ಫಲಕವಿದೆ, ಅದರ ಕೆಳಗೆ ಸಾಲು ಇದೆ. ಮೂರನೆಯ ಮಹಡಿಯ ಮೂಲೆಯಲ್ಲಿ, ಲ್ಯಾಂಡ್‌ಲೈನ್ ಫೋನಿನ ಪಕ್ಕ ಆ ಗುಮಾಸ್ತರು ಕುಳಿತಿದ್ದರು. ಅವರ ಹೆಸರನ್ನು ನಾನು ಬರೆಯುವುದಿಲ್ಲ, ಮುಂದೆ ಬರೆಯಲಿರುವುದನ್ನು ಓದಿದರೆ ಕಾರಣ ತಮಗೇ ತಿಳಿಯುತ್ತದೆ. ಹುಡುಗಿ ಎರಡು ಮಾತಾಡುವಷ್ಟರಲ್ಲಿ ಅವರು ತಲೆಯೆತ್ತಿ, "ಅವತ್ತು ಫೋನ್ ಮಾಡಿದ್ದು ನೀನೇ ಅಲ್ವಾ ಮಗಳೇ?" ಎಂದರು. ಅವಳು ಕೇಳಿದ್ದು ಒಂದೇ: ಆ ಲಿಂಕು ಇಲಾಖೆಯದೇ ಎಂದು ಯಾರಾದರೂ ಬರೆದುಕೊಡಬೇಕು. ಗುಮಾಸ್ತರು ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆಯುವುದು ಹಾಕುವುದು ಮಾಡಿದರು. "ಈ ಕಟ್ಟಡದಲ್ಲಿ ಯಾರೂ ಏನನ್ನೂ ಬರೆದುಕೊಡಲ್ಲಮ್ಮ," ಎಂದರು. ಆಮೇಲೆ ಅರ್ಧ ಹಾಳೆ ಹರಿದು, ಈ ಲಿಂಕು ಇಲಾಖೆಯದೇ, ವಿಚಾರಿಸಿ ಖಚಿತಪಡಿಸಿಕೊಂಡಿದ್ದೇನೆ ಎಂದು ಬರೆದು, ಸಹಿ ಹಾಕಿ, ಮುದ್ರೆಯೊತ್ತಿ ಕೊಟ್ಟರು. "ಇಷ್ಟು ಸಾವಿರ ಮಕ್ಕಳಲ್ಲಿ ಫೋನ್ ಮಾಡಿ ಕೇಳಿದ್ದು ನೀನೊಬ್ಬಳೇ," ಎಂದೂ ಸೇರಿಸಿದರು. ಹುಡುಗಿ ಆ ಹಾಳೆಯನ್ನು ಎರಡು ಸಲ ಓದಿ ನೋಟ್‌ಬುಕ್ಕಿನೊಳಗೆ ಇಟ್ಟುಕೊಂಡಳು. ಅವಳು ನಕ್ಕದ್ದನ್ನು ನಾನು ಆ ತಿಂಗಳಲ್ಲಿ ಕಂಡದ್ದು ಆಗಲೇ.

ಮರುಪರೀಕ್ಷೆಯ ಅರ್ಜಿಯಲ್ಲಿ ಕಾರಣ ಗುರುತಿಸಲು ಮೂರೇ ಚೌಕಗಳಿದ್ದವು: ಅನಾರೋಗ್ಯ, ವಿದ್ಯುತ್ ಕಡಿತ, ಶಿಕ್ಷಕರ ನಿರ್ಲಕ್ಷ್ಯ. ವಿದ್ಯಾರ್ಥಿಯ ಎಚ್ಚರಿಕೆ ಎಂಬ ಚೌಕವಿರಲಿಲ್ಲ. ಅನಾರೋಗ್ಯಕ್ಕೆ ವೈದ್ಯರ ಚೀಟಿ ಬೇಕು, ವಿದ್ಯುತ್ ಕಡಿತಕ್ಕೆ ವಿದ್ಯುತ್ ಕಚೇರಿಯ ಚೀಟಿ ಬೇಕು. ಮೂರನೆಯದಕ್ಕೆ ಶಿಕ್ಷಕಿಯ ಸಹಿ ಸಾಕು. ನಾನು ಹಾಕಿದೆ. ಹುಡುಗಿ, "ಟೀಚರ್, ಇದು ಸುಳ್ಳಲ್ವಾ?" ಎಂದಳು. ಪೂರ್ತಿ ಸುಳ್ಳಲ್ಲ ಎಂದೆ. ತಮ್ಮ ನೋಟಿಸಿಗೆ ಮೂಲವಾದ ತಪ್ಪೊಪ್ಪಿಗೆ ಅದೇ. ನಿವೃತ್ತಿಗೆ ಒಂದೂವರೆ ವರ್ಷವೂ ಉಳಿಯದಿರುವಾಗ ಸೇವಾ ಪುಸ್ತಕದಲ್ಲಿ ನಿರ್ಲಕ್ಷ್ಯ ಎಂಬ ಪದವನ್ನು ಸ್ವಂತ ಕೈಯಿಂದ ಬರೆಸಿಕೊಂಡೆ. ರಾತ್ರಿ ಚೆನ್ನಾಗಿಯೇ ನಿದ್ದೆ ಬಂತು.

ಎರಡು ದಿನದ ನಂತರ ಹುಡುಗಿ ಮರುಪರೀಕ್ಷೆಗೆ ಕುಳಿತಳು. ಒಟಿಪಿ ಕೊಟ್ಟಳು. ಒಳಗೆ ಹೋದ ಮೇಲೆ ಬೇರೆ ಯಾವ ಮಗುವೂ, ನಾನೂ, ಬಹುಶಃ ತಾವೂ ಓದಿರದ ಒಂದನ್ನು ಓದತೊಡಗಿದಳು, ಹತ್ತೊಂಬತ್ತು ಪುಟಗಳ ನಿಯಮ ಮತ್ತು ಷರತ್ತುಗಳನ್ನು. ಹದಿನಾಲ್ಕನೇ ಷರತ್ತಿಗೆ ಬಂದು ನನ್ನನ್ನು ಕರೆದಳು. ಮಕ್ಕಳ ಹೆಸರು, ಅಂಕ ಮತ್ತು ಹೆತ್ತವರ ಫೋನ್ ನಂಬರನ್ನು ಸಹಯೋಗಿ ಸಂಸ್ಥೆಗಳಿಗೆ ಕೊಡಬಹುದು ಎಂದು ಅಲ್ಲಿತ್ತು. ಹಿಂದಿನ ವಾರದಿಂದ ಉಳಿದ ನಲವತ್ತು ಮನೆಗಳಿಗೆ ಟ್ಯೂಷನ್ ಕಂಪನಿಗಳಿಂದ ಮಗುವಿನ ಹೆಸರು ಹಿಡಿದು, ಅಂಕ ಹೇಳಿ ಕರೆ ಬರುತ್ತಿದ್ದುದೇಕೆಂದು ನನಗೆ ಆಗ ಅರ್ಥವಾಯಿತು. ಹೆಬ್ಬೆರಳಿನ ತಂದೆಗೆ ಒಂದೇ ದಿನ ಹನ್ನೊಂದು ಕರೆ ಬಂದಿದ್ದವು. ಪುಟದ ಕೊನೆಗೆ 'ಒಪ್ಪಿದ್ದೇನೆ' ಎಂಬ ಗುಂಡಿ ಒಂದೇ ಇತ್ತು. ಒಪ್ಪಿಲ್ಲ ಎನ್ನಲು ಜಾಗವಿರಲಿಲ್ಲ.

ಅವಳು ಪೆಡಲು ತುಳಿಯಲಿಲ್ಲ. ನೋಟ್‌ಬುಕ್ ತೆಗೆದು ತಾರೀಖು, ಗಂಟೆ, ನಿಮಿಷ ಬರೆದು, ಅದರ ಕೆಳಗೆ ಎರಡೇ ಮಾತು ಬರೆದಳು: 'ಒಪ್ಪಿಲ್ಲ. ಒತ್ತಿದ್ದೇನೆ.' ಸಾಕ್ಷಿಗೆಂದು ನನ್ನ ಸಹಿ ಹಾಕಿಸಿಕೊಂಡಳು. ಆಮೇಲೆ ಒತ್ತಿದಳು.

ನಲವತ್ತಕ್ಕೆ ಮೂವತ್ತಾರು ಬಂತು. ಐವತ್ತೊಂದು ನಿಮಿಷ ತೆಗೆದುಕೊಂಡದ್ದರಿಂದ, ಓದುವುದನ್ನು ನಿಧಾನವೆಂದು ಎಣಿಸುವ ತಮ್ಮ ಲೆಕ್ಕದಲ್ಲಿ ಅವಳ ಹಂತ 'ಸಾಧಾರಣ' ಎಂದಾಯಿತು. ತಾಂತ್ರಿಕ ಶಾಲೆಗೆ ಅಷ್ಟು ಸಾಕಾಯಿತು. ಕೊನೆಯ ದಿನದ ಹಿಂದಿನ ದಿನ ಅರ್ಜಿ ಸೇರಿತು, ಈಗ ಅವಳು ಅಲ್ಲಿ ಮೋಟಾರು ಬಿಚ್ಚಿ ಜೋಡಿಸುವುದನ್ನು ಕಲಿಯುತ್ತಿದ್ದಾಳೆ. ಅವಳ ತಾಯಿಯ ಫೋನಿಗೂ ಟ್ಯೂಷನ್ ಕಂಪನಿಯವರು ಕರೆ ಮಾಡತೊಡಗಿದ್ದಾರೆ. ನಿಮಗೆ ಈ ನಂಬರ್ ಕೊಟ್ಟವರು ಯಾರು ಎಂದು ಆ ತಾಯಿ ಪ್ರತಿಯೊಬ್ಬರನ್ನೂ ಕೇಳುತ್ತಾರಂತೆ, ಅವರು ಹೇಳಿದ್ದನ್ನು ಹಾಳೆಯಲ್ಲಿ ಬರೆದಿಡುತ್ತಾರಂತೆ. ಇಲ್ಲಿಯವರೆಗೆ ಆರು ಜನ ತಮ್ಮ ವಿಭಾಗದ ಹೆಸರನ್ನೇ ಹೇಳಿದ್ದಾರೆ. ಆ ಹಾಳೆಯ ಪ್ರತಿಯನ್ನು ಲಗತ್ತಿಸಿದೆ.

ಇಷ್ಟು ವಿವರಣೆಯ ಮೇಲೆ ನನ್ನ ಕೆಲವು ಬಿನ್ನಹಗಳನ್ನು ತಾವು ಮನ್ನಿಸಬೇಕು. ಮರುಪರೀಕ್ಷೆಯ ಅರ್ಜಿಗೆ ನಾಲ್ಕನೆಯ ಚೌಕವೊಂದನ್ನು ಸೇರಿಸಿ, 'ಇಲಾಖೆಯು ಕಳ್ಳರಂತೆ ನಡೆದುಕೊಂಡದ್ದರಿಂದ' ಎಂದು ಬರೆಸಿಕೊಡಬೇಕು. ಅಷ್ಟು ಉದ್ದ ಹಿಡಿಸದಿದ್ದರೆ 'ಎಚ್ಚರಿಕೆ' ಎಂದರೂ ಸಾಕು. ನಲವತ್ತೊಂದು ಮನೆಗಳ ನಂಬರುಗಳನ್ನು ಯಾರ್ಯಾರಿಗೆ ಕೊಟ್ಟಿದ್ದೀರೋ ಅವರ ಮನೆಬಾಗಿಲಿಗೆ ಹೋಗಿ ಒಂದೊಂದಾಗಿ ವಾಪಸು ಕೇಳಿ ಪಡೆದು, ಮಡಿಸಿ, ಇಸ್ತ್ರಿ ಮಾಡಿ ನಮಗೆ ಹಿಂದಿರುಗಿಸಬೇಕು. ತಾವೂ ಒಂದು ದಿನ ನಮ್ಮ ಹೊಲಿಗೆ ಕೋಣೆಗೆ ದಯಮಾಡಿಸಿ, ಎಡಕ್ಕೆ ಮಾತ್ರ ಓಡುವ ಆರನೇ ನಂಬರಿನ ಮೌಸು ಹಿಡಿದು ತಮ್ಮದೇ ಪರೀಕ್ಷೆಯನ್ನು ಬರೆಯಬೇಕು. ಪೆಡಲಿನ ಸದ್ದು ಕೇಳಲು ನಾನು ಬಾಗಿಲ ಬಳಿಯೇ ನಿಂತಿರುತ್ತೇನೆ. ಆ ಗುಮಾಸ್ತರು ಅರ್ಧ ಹಾಳೆಯಲ್ಲಿ ಮಾಡಿದ ಕೆಲಸವನ್ನು ತಮ್ಮ ಇಡೀ ವಿಭಾಗ ಒಂದು ವರ್ಷದಲ್ಲಿ ಮಾಡಬಲ್ಲದೇ ಎಂಬುದನ್ನೂ ಪರಿಶೀಲಿಸಬೇಕು.

ಇನ್ನು ನನ್ನ ಮೇಲೆ ಕ್ರಮ ಕೈಗೊಳ್ಳುವ ವಿಷಯ. ಅರ್ಜಿಯಲ್ಲಿ ನಾನು ನಿರ್ಲಕ್ಷ್ಯ ಎಂದು ಗುರುತು ಹಾಕಿದ್ದು ಆ ಮಗುವಿಗೆ ಬೇರೆ ದಾರಿಯನ್ನು ತಾವು ಇಡದಿದ್ದುದರಿಂದ. ಅದನ್ನು ಈ ಮೂಲಕ ತಿದ್ದಿಕೊಳ್ಳುತ್ತೇನೆ. ಆದರೆ ತಲೆ ಜಾಸ್ತಿ ಓಡಿಸಬೇಡ ಎಂದು ಒಂದು ಮಗುವಿಗೆ ಗದರಿದ್ದು ನಿಜ. ಅದಕ್ಕೆ ತಮ್ಮ ನಿಯಮಗಳಲ್ಲಿ ಶಿಕ್ಷೆ ಇದ್ದರೆ ತಪ್ಪದೆ ಕೊಡಬೇಕು. ನಾನು ಹುಡುಕಿ ನೋಡಿದೆ, ಎಲ್ಲೂ ಇಲ್ಲ.

ನಿವೃತ್ತಿಗೆ ಮುನ್ನ ತಪ್ಪಿದ ಹೊಲಿಗೆಯನ್ನು ಬಿಚ್ಚಲು ಇನ್ನೂ ಹದಿನಾಲ್ಕು ತಿಂಗಳು ಅವಕಾಶವಿರುವ,

ತಮ್ಮ ವಿಶ್ವಾಸಿ,
ಹೊಲಿಗೆ ಶಿಕ್ಷಕಿ (ಹೆಚ್ಚುವರಿಯಾಗಿ ಡಿಜಿಟಲ್ ಕೌಶಲ ಸಂಯೋಜಕಿ)

ಮರೆತ ಮಾತು: ಉತ್ತರವನ್ನು ಆನ್‌ಲೈನಿನಲ್ಲಿಯೇ ಸಲ್ಲಿಸಬೇಕು, ಕಡತದ ಗಾತ್ರ ಇಪ್ಪತ್ತು ಕೆಬಿ ಮೀರಬಾರದು ಎಂದು ನೋಟಿಸಿನಲ್ಲಿ ತಿಳಿಸಿದ್ದಿರಿ. ಒಂಬತ್ತನೇ ತರಗತಿಯ ಮಕ್ಕಳು ಸೇರಿ ಈ ಪತ್ರವನ್ನು ಕುಗ್ಗಿಸಿ ಕುಗ್ಗಿಸಿ ಅಷ್ಟಕ್ಕೆ ತಂದರು. ಹಾಗೆ ತಂದ ಮೇಲೆ ಉಳಿದದ್ದೆಲ್ಲ ಮಸುಕಾಗಿ, ಓದಲು ಬರುವಂತೆ ಉಳಿದದ್ದು 'ತಮ್ಮ ವಿಶ್ವಾಸಿ' ಎಂಬ ಎರಡು ಪದ ಮಾತ್ರ. ಅದನ್ನು ಕಳಿಸಿದ ಅರ್ಧ ನಿಮಿಷದಲ್ಲೇ 'ನಿಮ್ಮ ಉತ್ತರ ತೃಪ್ತಿಕರವಾಗಿದೆ' ಎಂದು ತಮ್ಮ ಯಂತ್ರದಿಂದ ಮಾರುತ್ತರ ಬಂತು. ಮಿಕ್ಕದ್ದನ್ನು ಅಂಚೆಯಲ್ಲಿ ಕಳಿಸುತ್ತಿದ್ದೇನೆ.